ಸಹಾಯ ಬೇಕು: ಡಿಸ್ನಿ ವರ್ಲ್ಡ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದವರು ಇದ್ದೀರಾ?

ನಮಸ್ಕಾರ. ನಾವು ತುಮಕೂರಿನ ಕ್ಯಾತ್ಸಂದ್ರದವರು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ನನ್ನ ತಂಗಿಗೆ ಅಮೆರಿಕದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಇಂಟರ್ನ್‌ಶಿಪ್ ಕೊಡಿಸುತ್ತೇನೆ ಎಂದು ಏಜೆಂಟನೊಬ್ಬ ಎರಡು ಲಕ್ಷ ಕೇಳುತ್ತಿದ್ದಾನೆ. ಇಂಥ ಇಂಟರ್ನ್‌ಶಿಪ್‌ಗೆ ಅಮೆರಿಕ ಕೊಡುವ ಜೆ-1 ವೀಸಾಕ್ಕೆ ಪ್ರಾಯೋಜಕ ಸಂಸ್ಥೆ ಕೊಡುವ ಡಿಎಸ್-2019 ಪತ್ರ ಬೇಕೇ ಬೇಕು. ಅದನ್ನು ಕೇಳಿದರೆ ಆತ ತೋರಿಸಿದ್ದು ಮೊಬೈಲ್‌ನಲ್ಲಿ ಒಂದು ಮಸುಕು ಫೋಟೊ. ಸಂಸ್ಥೆಯ ಹೆಸರಿನ ಮೇಲೆ ಅವನದೇ ಹೆಬ್ಬೆರಳು!

ಅಲ್ಲಿ ದುಡಿದು ಬಂದ ವಿದ್ಯಾರ್ಥಿಗಳು ಇದ್ದರೆ ದಯವಿಟ್ಟು ತಿಳಿಸಿ. ಯಾರ ಮೂಲಕ ಹೋದಿರಿ? ಬಾಡಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತಿತ್ತು? ದಿನವಿಡೀ ನಿಂತೇ ಕೆಲಸವಂತೆ, ನಿಜವೇ? ಅಮ್ಮ ಮಾತ್ರ ಆಗಲೇ ಮೂರು ಕಿಲೊ ರಾಗಿ ಬೀಸಿಸಿ ಇಟ್ಟಿದ್ದಾರೆ. ಶನಿವಾರದೊಳಗೆ ಮುಂಗಡ ಕೊಡಬೇಕಂತೆ, ಅದಕ್ಕೇ ಈ ಅವಸರ.