ಅಪ್ಪಯ್ಯನ ಕಾಲಿನ ಎಬಿಐ 1.5, ಆದರೂ ಗಾಯ ಮಾಯುತ್ತಿಲ್ಲ. ಯಾಕೆ?

ತೋಟದಮನೆ:
ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಪ್ಪಯ್ಯನಿಗೆ 68, ಶುಗರ್ ಶುರುವಾಗಿ ಹದಿನೈದು ವರ್ಷದ ಮೇಲಾಯ್ತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಬರಿಗಾಲಲ್ಲಿ ತೋಟ ಸುತ್ತಿದ್ದಾರೆ, ಬಲಗಾಲಿನ ಹೆಬ್ಬೆರಳಿಗೆ ಏನೋ ಹೊಕ್ಕಿದೆ. ಅವರಿಗೆ ಗೊತ್ತೇ ಆಗಿಲ್ಲ, ಜಗಲಿ ಮೇಲೆ ರಕ್ತದ ಹೆಜ್ಜೆ ನೋಡಿ ಅಮ್ಮ ಕೂಗಿದ್ದು. ಒಂದೂವರೆ ತಿಂಗಳಾದರೂ ಗಾಯ ಹಾಗೇ ಇದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 8.9. ಕಾಲಿನ ರಕ್ತ ಸಂಚಾರದ ಟೆಸ್ಟ್ ಮಾಡಿಸಿದೆವು: ಎಬಿಐ ಬಲ 1.5, ಎಡ 1.42. "0.9ಕ್ಕಿಂತ ಕಡಿಮೆ ಇದ್ದರೆ ಮಾತ್ರ ತೊಂದರೆ" ಅಂದರು ಅಲ್ಲಿ. ನೋವೂ ಇಲ್ಲ. ಹಾಗಾದರೆ ಸುಮ್ಮನಿರಬಹುದಾ?

ಘಟ್ಟದಕೆಳಗೆ:
ನೋವಿಲ್ಲ ಅಂದ್ರೆ ಹೆದರಬೇಡಿ ಮಾರಾಯ್ರೆ. ಅರಿಶಿನ, ಬೇವಿನೆಲೆ ಅರೆದು ಕಟ್ಟಿ.

ಡ್ರೆಸಿಂಗ್ ರೂಮ್:
ದಯವಿಟ್ಟು ಏನೂ ಅರೆದು ಕಟ್ಟಬೇಡಿ. ನಾನು ಶುಗರ್ ಕಾಲುಗಳ ಕ್ಲಿನಿಕ್‌ನಲ್ಲಿ ನರ್ಸ್. ನೋವಿಲ್ಲ ಅನ್ನೋದೇ ನನಗೆ ಹೆದರಿಕೆ. ಶುಗರ್‌ನಿಂದ ನರಗಳು ಕೆಟ್ಟಾಗ ಮುಳ್ಳೂ ಗೊತ್ತಾಗಲ್ಲ, ರಕ್ತ ಸಾಲದೆ ಬರಬೇಕಾದ ನೋವೂ ಗೊತ್ತಾಗಲ್ಲ.

ಈಗ ಆ 1.5 ವಿಷಯ. ಎಬಿಐ ಅಂದ್ರೆ ಪಾದದ ಗಂಟಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದ್ದು. ತೋಳಲ್ಲಿ 150, ಕಾಲಲ್ಲಿ 225 ಬಂದರೆ 1.5. ನಾವು ಕಾಲಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾ ಡಾಪ್ಲರ್ ಪೆನ್ ಹಿಡಿದು, ರಕ್ತ ಹರಿಯೋ 'ಶೂಶ್ ಶೂಶ್' ಸದ್ದು ನಿಲ್ಲೋದನ್ನ ಕಾಯ್ತೀವಿ. ಕೆಲವರದ್ದು 250 ದಾಟಿದರೂ ನಿಲ್ಲಲ್ಲ. ಅದು ರಕ್ತದ ಜೋರಲ್ಲ, ನಾಳದ ಬಿರುಸು. ವರ್ಷಗಟ್ಟಲೆ ಶುಗರ್ ಇದ್ದವರ ಅಪಧಮನಿ ಗೋಡೆಯ ನಡುಪದರದಲ್ಲಿ ಕ್ಯಾಲ್ಸಿಯಂ ಕೂರುತ್ತೆ, ಬಿಸಿಲಲ್ಲಿ ಬಿದ್ದ ಹಳೇ ಡ್ರಿಪ್ ಪೈಪಿನ ಹಾಗೆ ಸೆಟೆದುಕೊಳ್ಳುತ್ತೆ. ಪಟ್ಟಿ ಎಷ್ಟು ಒತ್ತಿದರೂ ಬಗ್ಗಲ್ಲ. ಹಾಗಾಗಿ 1.4 ದಾಟಿದ ಎಬಿಐಯನ್ನ 'ಚೆನ್ನಾಗಿದೆ' ಅಂತ ಓದಬಾರದು, 'ಈ ಅಳತೆ ನಂಬೋ ಹಾಗಿಲ್ಲ' ಅಂತ ಓದಬೇಕು. 0.9 ಒಂದನ್ನೇ ಬಾಯಿಪಾಠ ಮಾಡಿದವರಿಗೆ ಇದು ಹೊಳೆಯಲ್ಲ, ಏನು ಹೇಳೋಣ.

ನಾಳದ ಒಳಮೈ ಕಥೆ ಬೇರೆ. ಅಲ್ಲಿರೋ ಒಂದೇ ಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನ ಸಡಿಲವಾಗಿ ಇಡುತ್ವೆ. ಸಕ್ಕರೆ ಏರಿಯೇ ಇದ್ದರೆ ಆ ಕೆಲಸ ಕುಂಠಿತವಾಗಿ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತೆ. ಶುಗರ್‌ನವರಲ್ಲಿ ಹೆಚ್ಚಾಗಿ ಮಂಡಿ ಕೆಳಗಿನ ಸಣ್ಣ ಅಪಧಮನಿಗಳೇ ಕಟ್ಟೋದು.

ಬೆರಳಿನ ನಾಳಗಳು ಅಷ್ಟು ಗಟ್ಟಿಯಾಗಿರಲ್ಲ. ಅದಕ್ಕೇ ಕಾಲ್ಬೆರಳಿನ ಬಿ.ಪಿ. ನೋಡಿ ಅಂತ ಕೇಳಿ, ಜೊತೆಗೆ ಡಾಪ್ಲರ್ ಸ್ಕ್ಯಾನ್. ಬೆರಳಲ್ಲಿ 30ಕ್ಕಿಂತ ಕಡಿಮೆ ಬಂದರೆ ಗಾಯ ತಾನಾಗೇ ಮಾಯೋದು ಕಷ್ಟ, ರಕ್ತನಾಳದ ಸರ್ಜನ್ ಹತ್ತಿರ ತಡ ಮಾಡದೆ ಹೋಗಬೇಕು. ಬೆರಳು ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ. ಬೀಡಿ ಇದ್ದರೆ ಬಿಡಿಸಿ.

ತೋಟದಮನೆ:
ಸಿಸ್ಟರ್, ಬೆರಳಿನ ಬಿ.ಪಿ. 26 ಬಂತು. ಆಂಜಿಯೋಗ್ರಾಮ್ ಮಾಡಿ, ಕಟ್ಟಿದ ನಾಳ ಅಗಲ ಮಾಡೋಕೆ ಬಲೂನ್ ಹಾಕ್ತೀವಿ ಅಂದಿದ್ದಾರೆ. ಬೀಡಿ ಇಲ್ಲ, ಕವಳದ ಜೊತೆ ಹೊಗೆಸೊಪ್ಪು ಇದೆ. "ನನ್ನ ಕಾಲು ನನಗೆ ಗೊತ್ತು" ಅಂತಾರೆ, ಒಪ್ಪಿಸೋದೇ ಕಷ್ಟ. ಕಿಡ್ನಿಗೆ ಏನಾದ್ರೂ ಆಗುತ್ತಾ?

ಡ್ರೆಸಿಂಗ್ ರೂಮ್:
ಆಂಜಿಯೋಗ್ರಾಮ್ ಮಾಡುವಾಗ ನಾಳದೊಳಗೆ ಬಿಡೋ ಡೈ ಕಿಡ್ನಿ ಮೂಲಕವೇ ಹೊರಗೆ ಹೋಗೋದು. ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ರಿಪೋರ್ಟ್ ಮೊದಲೇ ತೋರಿಸಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೋತಿದ್ರೆ ಹೇಳಿ, ನಿಲ್ಲಿಸಬೇಕಾ ಅಂತ ಅವರೇ ಹೇಳ್ತಾರೆ. ಹೊಗೆಸೊಪ್ಪೂ ನಾಳಕ್ಕೆ ಒಳ್ಳೇದಲ್ಲ. ಅಪ್ಪಯ್ಯನನ್ನ ಒಪ್ಪಿಸೋಕೆ ಒಂದು ಉಪಾಯ: ಕಣ್ಣು ಮುಚ್ಚಿಸಿ, ಬೆರಳ ತುದಿಗಳನ್ನ ಹಗುರವಾಗಿ ಮುಟ್ಟಿ, ಯಾವ ಕಾಲು ಅಂತ ಕೇಳಿ. ಗಾಯದ ಬೆರಳು ಬಿಟ್ಟು.