ಅಪ್‌ಡೇಟ್: ಅಣ್ಣನ ಬ್ರುಸೆಲ್ಲೋಸಿಸ್, ಲಿವರ್ ಈಗ ಹೇಗಿದೆ

ಹಿಂದೆ ಕೇಳಿದ್ದೆ: ಅಣ್ಣನಿಗೆ ಎರಡು ವಾರದಿಂದ ಸಂಜೆಯಾದರೆ ಜ್ವರ, ರಾತ್ರಿ ಬೆವರು. ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ (ದನ, ಆಡು, ಕುರಿಗಳಿಂದ, ಅವುಗಳ ಹಸಿ ಹಾಲಿನಿಂದ ಬರುವ ಬ್ಯಾಕ್ಟೀರಿಯಾ ಸೋಂಕು) ಅಂತ ಬಂದಿದೆ, ಎಎಲ್‌ಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎನ್‌ಜೈಮ್) 140 ದಾಟಿದೆ, ಲಿವರ್ ಹಾಳಾಗಿಬಿಡುತ್ತಾ ಅಂತ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಆರು ವಾರದ ಔಷಧಿ ಮೊನ್ನೆ ಮುಗಿಯಿತು. ಎಎಲ್‌ಟಿ 34ಕ್ಕೆ ಇಳಿದಿದೆ!

ಕಣ್ಣು ಹಳದಿಯಾಗಿರಲಿಲ್ಲ, ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್. ಮತ್ತೆ ಲಿವರ್‌ಗೆ ಏನಾಯ್ತು ಅನ್ನೋದೇ ನನ್ನ ಗೊಂದಲ. ಡಾಕ್ಟರ್ ಬಿಡಿಸಿ ಹೇಳಿದರು. ಈ ಬ್ಯಾಕ್ಟೀರಿಯಾ, ರೋಗಾಣುಗಳನ್ನು ನುಂಗಬೇಕಾದ ನಮ್ಮ ಜೀವಕೋಶಗಳ ಒಳಗೇ ಸೇರಿಕೊಂಡು ಬದುಕುತ್ತದೆ. ಅಂಥ ಜೀವಕೋಶಗಳು ಲಿವರ್, ಗುಲ್ಮ (ಸ್ಪ್ಲೀನ್), ಮೂಳೆಮಜ್ಜೆಯಲ್ಲಿ ಜಾಸ್ತಿ. ಅದಕ್ಕೇ ಅಲ್ಲಿ ಉರಿಯೂತ, ಕೆಲವರಲ್ಲಿ ಗ್ರ್ಯಾನುಲೋಮಾ ಅನ್ನುವ ಸಣ್ಣ ಗಂಟುಗಳು. ಎನ್‌ಜೈಮ್ ಸಾಮಾನ್ಯವಾಗಿ ತೀರಾ ಏರುವುದಿಲ್ಲ, ಜಾಂಡೀಸ್ ಅಪರೂಪ. ಮೊದಲ ದಿನ ಬಲ ಪಕ್ಕೆಲುಬಿನ ಕೆಳಗೆ ಕೈಯಿಟ್ಟು "ಉಸಿರು ಎಳ್ಕೊಳ್ಳಿ" ಅಂದಾಗ ಊದಿಕೊಂಡ ಲಿವರ್‌ನ ಅಂಚು ಅವರ ಬೆರಳಿಗೆ ತಾಗಿತ್ತು. ಈಗ ತಾಗುತ್ತಿಲ್ಲ.

ನಡುವೆ ಒಮ್ಮೆ ತುಂಬಾ ಹೆದರಿದೆ. ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ (ಎರಡೂ ಆಂಟಿಬಯಾಟಿಕ್) ಶುರುವಾದ ಮರುದಿನವೇ ಮೂತ್ರ ಕಿತ್ತಳೆ ಬಣ್ಣ. ಜಾಂಡೀಸೇ ಬಂತು ಅಂದುಕೊಂಡೆ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣವಷ್ಟೇ. ಆದರೆ ರಿಫಾಂಪಿಸಿನ್‌ನಿಂದಲೂ ಲಿವರ್‌ಗೆ ಪೆಟ್ಟು ಬೀಳಬಹುದು ಅಲ್ವಾ, ಹಾಗಾಗಿ ಎರಡು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದೆವು.

ಹತ್ತು ದಿನಕ್ಕೆ ಜ್ವರ ನಿಂತಾಗ ಅಣ್ಣ "ಮಾತ್ರೆ ಸಾಕು" ಅಂದ. ನಾನು ಬಿಡಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಕಾಯಿಲೆ ಮತ್ತೆ ತಿರುಗಿ ಬರುವ ಸಾಧ್ಯತೆ ಜಾಸ್ತಿ. ಹಸಿ ಹಾಲು ಕುಡಿಯೋದನ್ನಂತೂ ಬಿಟ್ಟಿದ್ದಾನೆ. ಮೂರು ತಿಂಗಳಿಗೆ ಮತ್ತೊಮ್ಮೆ ತೋರಿಸಬೇಕು.