ಲೋಯೆಸ್ ಮಣ್ಣು ನೆನೆದಾಗ ಕುಸಿಯುವುದಕ್ಕೆ ಅದರಲ್ಲಿನ ಜೇಡಿಖನಿಜ ಎಷ್ಟರ ಮಟ್ಟಿಗೆ ಕಾರಣ?

ಪ್ರಶ್ನೆ:
ಗಾಳಿ ಹೊತ್ತು ತಂದು ಹರಡಿದ ಲೋಯೆಸ್ ಮಣ್ಣಿನ ಎರಡು ಅಖಂಡ ಮಾದರಿಗಳನ್ನು ಈಡೋಮೀಟರಿನಲ್ಲಿ (ಮಣ್ಣನ್ನು ಮೇಲಿನಿಂದ ಒತ್ತಿ ಅದು ಎಷ್ಟು ಕುಗ್ಗುವುದೆಂದು ಅಳೆಯುವ ಉಪಕರಣ) ಪರೀಕ್ಷಿಸಿದೆ. ಜೇಡಿಯ ಪ್ರಮಾಣ, ಒಣಸಾಂದ್ರತೆ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೂ ಅದೇ ಒತ್ತಡದಲ್ಲಿ ನೀರು ಕೊಟ್ಟಾಗ ಒಂದು ತಟ್ಟನೆ ಕುಸಿಯಿತು, ಇನ್ನೊಂದು ಅಷ್ಟಾಗಿ ಕದಲಲಿಲ್ಲ. ಜೇಡಿಖನಿಜಗಳ ಭೇದವೇ ಇದಕ್ಕೆ ಕಾರಣವೆಂದು ತಿಳಿಯಬಹುದೆ? ಖನಿಜಗಳನ್ನು ಗುರುತಿಸುವ ಎಕ್ಸ್-ರೇ ಡಿಫ್ರಾಕ್ಷನ್ ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನವಿದೆಯೆ?

ಉತ್ತರ 1:
ಭಾಗಶಃ ಹೌದು. ಲೋಯೆಸ್‌ನಲ್ಲಿ ಬಹುಪಾಲು 20ರಿಂದ 50 ಮೈಕ್ರಾನ್ ಗಾತ್ರದ ಕ್ವಾರ್ಟ್ಸ್ ಕಣಗಳಿದ್ದು, ಅವು ಸಡಿಲವಾಗಿ ಒಂದರ ಮೇಲೊಂದು ಕೂತಿರುತ್ತವೆ. ಅವುಗಳನ್ನು ಹಿಡಿದಿಡುವುದು ಕಣಗಳು ತಾಗುವ ಜಾಗದಲ್ಲಿನ ಜೇಡಿ, ಕಾರ್ಬೊನೇಟ್ ಮತ್ತು ತೇವದ ಸೆಳೆತ (ಕಣಗಳ ನಡುವಿನ ಅಲ್ಪ ನೀರು ಅವುಗಳನ್ನು ಒಟ್ಟಿಗೆ ಎಳೆದಿಡುವುದು). ಮಣ್ಣು ಒಣಗಿರುವಾಗ ಕಡಿದಾದ ಗೋಡೆಯಂತೆ ನಿಲ್ಲುವುದೂ, ನೆನೆದೊಡನೆ ಸೆಳೆತ ಇಲ್ಲವಾಗಿ ಜೇಡಿಯ ಬಂಧ ಮೆತ್ತಗಾಗಿ ಕುಸಿಯುವುದೂ ಇದರಿಂದಲೇ. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ ಇಲೈಟ್ ಎಂಬ ಜೇಡಿಖನಿಜ ಪ್ರಧಾನ, ಅಮೆರಿಕದ ಮಿಸಿಸಿಪ್ಪಿ ಕಣಿವೆಯಲ್ಲಿ ಉಬ್ಬುವ ಜೇಡಿಖನಿಜವಾದ ಮಾಂಟ್‌ಮೊರಿಲೊನೈಟ್ ಗಣನೀಯ. ಗ್ರಾಮೊಂದಕ್ಕೆ ಕೆಯೊಲಿನೈಟ್ ಎಂಬ ಇನ್ನೊಂದು ಜೇಡಿಖನಿಜದ ಮೇಲ್ಮೈ 10–20 ಚದರ ಮೀಟರ್ ಇದ್ದರೆ ಮಾಂಟ್‌ಮೊರಿಲೊನೈಟಿನದು 800ರ ಆಸುಪಾಸಿಗೆ ಮುಟ್ಟಬಲ್ಲದು. ಹಾಗಾಗಿ ಅದರ ಅಲ್ಪಾಂಶವೂ ದ್ರವಮಿತಿಯನ್ನು (ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶ) ಏರಿಸುತ್ತದೆ. ಅದು ನೀರು ಕುಡಿದು ಉಬ್ಬುವುದರಿಂದ ಕುಸಿತದ ಒಂದು ಪಾಲು ಮುಚ್ಚಿಹೋಗುವುದೂ ಉಂಟು.

ಉತ್ತರ 2:
ಮೇಲಿನ ವಿವರಣೆ ಸರಿಯೇ, ಆದರೆ ಖನಿಜಕ್ಕೆ ಅಷ್ಟು ತೂಕ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದೇ ಮಣ್ಣನ್ನು ಪುಡಿಮಾಡಿ ಸೂಕ್ತ ತೇವದಲ್ಲಿ ಚೆನ್ನಾಗಿ ದಮ್ಮಸು ಮಾಡಿದರೆ ಕುಸಿಯುವ ಗುಣ ಬಹುಪಾಲು ಹೋಗುತ್ತದೆ, ಖನಿಜ ಮಾತ್ರ ಹಾಗೆಯೇ ಉಳಿದಿರುತ್ತದೆ. ಜೇಡಿ ಕಣಗಳ ನಡುವೆ ಸೇತುವೆಯಾಗಿದೆಯೋ, ಉಂಡೆಗಟ್ಟಿ ಬೇರೆಯಾಗಿ ಕೂತಿದೆಯೋ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದಕ್ಕಿಂತ ಮೊದಲು ಎರಡೂ ಮಾದರಿಗಳ ಆರಂಭಿಕ ತೇವಾಂಶವನ್ನು ತಾವು ಹೋಲಿಸಿದ್ದೀರಾ? ಮೊದಲೇ ತೇವವಾಗಿದ್ದ ಮಣ್ಣಿನಲ್ಲಿ ಕಳೆದುಕೊಳ್ಳಲು ಹೆಚ್ಚಿನ ಸೆಳೆತ ಉಳಿದಿರುವುದಿಲ್ಲ.

ಉತ್ತರ 3:
ತೇವಾಂಶ, ಕಾರ್ಬೊನೇಟ್, ದ್ರವಮಿತಿ ಈ ಮೂರೂ ಸಮನಾಗಿದ್ದರೆ ಮಾತ್ರ ಎಕ್ಸ್-ರೇ ಪರೀಕ್ಷೆಗೆ ಹೋಗಿರಿ. ಜೇಡಿಯನ್ನು ಬೇರ್ಪಡಿಸಿ ಗ್ಲೈಕಾಲ್ ಎಂಬ ದ್ರವವನ್ನು ಉಣಿಸಿದಾಗ ಮಾಂಟ್‌ಮೊರಿಲೊನೈಟಿನ ಪದರಗಳ ಅಂತರ 17 ಆಂಗ್‌ಸ್ಟ್ರಾಮಿಗೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಹಿಗ್ಗುತ್ತದೆ, ಇಲೈಟ್ 10ರಲ್ಲಿಯೇ ನಿಲ್ಲುತ್ತದೆ, ಹೀಗೆ ಅವೆರಡನ್ನು ಗುರುತಿಸಬಹುದು. ಜೇಡಿಗೆ ಅಂಟಿರುವ ಸೋಡಿಯಂ ಎಷ್ಟೆಂಬುದನ್ನೂ ಅಳೆಯಿಸಿರಿ, ಏಕೆಂದರೆ ಅದು ಹೆಚ್ಚಾದಲ್ಲಿ ಜೇಡಿ ನೀರಿನಲ್ಲಿ ಚದುರಿ ಕೊಚ್ಚಿಹೋಗುತ್ತದೆ. ಚೀನಾದ ಮಾನದಂಡದಂತೆ ನೆನೆಸಿದಾಗಿನ ಕುಸಿತದ ಗುಣಾಂಕ (ಮಾದರಿಯ ಮೂಲ ಎತ್ತರಕ್ಕೆ ನೆನೆದಾಗ ಇಳಿದ ಎತ್ತರದ ಅನುಪಾತ) 0.015 ಮುಟ್ಟಿದರೆ ಆ ಮಣ್ಣನ್ನು ಕುಸಿಯುವಂಥದೆಂದೇ ಪರಿಗಣಿಸುತ್ತಾರೆ. ಕದಲದಂತೆ ಕಂಡ ತಮ್ಮ ಎರಡನೆಯ ಮಾದರಿಯ ಅಂಕಿಯನ್ನೂ ಇದರೊಂದಿಗೆ ಹೋಲಿಸಿ ನೋಡಿರಿ.